ಕಕ್ಕಡದ ಮಳೆಯಲ್ಲಿ ಹೂವಿನ ಕಣಿವೆಗೆ

ಪ್ರಶ್ನೆ: ಉತ್ತರಾಖಂಡದ ಹೂವಿನ ಕಣಿವೆಯನ್ನು ನೋಡುವ ಆಸೆ ನಮ್ಮಿಬ್ಬರಿಗೂ ಬಹುದಿನಗಳಿಂದ ಇದೆ. ಕಾಫಿ ಕೊಯ್ಲು ಮುಗಿಸಿ ಏಪ್ರಿಲ್‌ನಲ್ಲಿ ಹೊರಡಬಹುದೇ? ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಿದ ಅನುಭವ ಸಾಲುವುದೇ?
– ಓದುಗ ದಂಪತಿ, ವಿರಾಜಪೇಟೆ

ಉತ್ತರ: ಏಪ್ರಿಲ್ ಬೇಡ. ಆಗ ಕಣಿವೆಯಲ್ಲಿ ಹಿಮವಿರುತ್ತದೆ. ಜೂನ್ 1ರಿಂದ ಅಕ್ಟೋಬರ್ 31ರವರೆಗೆ ಮಾತ್ರ ಪ್ರವೇಶ. ಹೂಗಳು ತುಂಬಿ ಅರಳುವುದು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಅಂದರೆ ಸರಿಯಾಗಿ ನಮ್ಮ ಕೊಡಗಿನ ಕಕ್ಕಡ ತಿಂಗಳಲ್ಲಿ. ಆದ್ದರಿಂದ ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡು ಮರುದಿನವೇ ಹೊರಡಿ. ಮಳೆಗೆ ಗುಡ್ಡ ಜರಿದರೆ ಏನಾಗುತ್ತದೆಂಬುದನ್ನು 2018ರಲ್ಲಿ ಕೊಡಗಿನಲ್ಲೇ ಕಂಡ ನಮಗೆ ಹೆಚ್ಚು ಹೇಳಬೇಕಿಲ್ಲ. ಋಷಿಕೇಶದಿಂದ ಮೇಲಿನ ರಸ್ತೆಯಲ್ಲೂ ಅದೇ ಅಪಾಯವಿರುವುದರಿಂದ ಕನಿಷ್ಠ ಎರಡು ದಿನಗಳನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಿ.

ತಡಿಯಂಡಮೋಳ್ ಕಾಲುಗಳನ್ನು ಸಿದ್ಧಗೊಳಿಸುತ್ತದೆ, ಉಸಿರನ್ನಲ್ಲ. ಅದರ ಎತ್ತರ 1,748 ಮೀಟರ್. ನೀವು ತಂಗುವ ಘಾಂಘ್ರಿಯಾ ಸುಮಾರು 3,000 ಮೀಟರ್ ಎತ್ತರದಲ್ಲಿದೆ. ಹೀಗಾಗಿ ಜೋಶಿಮಠದಲ್ಲಿ ಒಂದು ರಾತ್ರಿ ಕಳೆದು, ಗೋವಿಂದಘಾಟ್‌ನಿಂದ ಪುಲ್ನಾವರೆಗೆ ಜೀಪಿನಲ್ಲಿ ಸಾಗಿ, ಮುಂದಿನ ಸುಮಾರು ಹತ್ತು ಕಿಲೋಮೀಟರನ್ನು ನಿಧಾನವಾಗಿ ನಡೆಯಿರಿ. ಕಣಿವೆಯೊಳಗೆ ರಾತ್ರಿ ತಂಗಲು ಅವಕಾಶವಿಲ್ಲ. ಬೆಳಗ್ಗೆ ಬೇಗ ಹೋಗಿ ಸಂಜೆಯೊಳಗೆ ಹಿಂದಿರುಗಬೇಕು.

ಉಸಿರು ಹೊಂದಿಕೊಂಡಿದ್ದರೆ 4,000 ಮೀಟರಿಗೂ ಎತ್ತರದಲ್ಲಿರುವ ಸಿಖ್ಖರ ಯಾತ್ರಾಸ್ಥಳ ಹೇಮಕುಂಡವನ್ನೂ ತಪ್ಪಿಸಬೇಡಿ, ಏಕೆಂದರೆ ನಿಜವಾದ ಬ್ರಹ್ಮಕಮಲ ಆ ದಾರಿಯಲ್ಲಿದೆ. ನಮ್ಮ ಅಂಗಳಗಳಲ್ಲಿ ರಾತ್ರಿ ಅರಳುವುದು ಕಳ್ಳಿಯ ಜಾತಿ; ಇದು ಸೂರ್ಯಕಾಂತಿಯ ಕುಟುಂಬದ್ದು. ದಯವಿಟ್ಟು ಕೀಳಬೇಡಿ.