ಬೂಗರೋ ಮಕ್ಕಳ ಬರಿಗಾಲು

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: ‘ರಕ್ಷಾಪುಟಕ್ಕೆ 19ನೇ ಶತಮಾನದ ಫ್ರೆಂಚ್ ಚಿತ್ರಕಾರ ಬೂಗರೋ ಬರೆದ ‘ಒಡೆದ ಹೂಜಿ’ಯನ್ನು ಯಾಕೆ ಹಾಕಿದಿರಿ? ಬಡವರ ಮಗುವಿನ ಕಾಲಿಗೆ ಒಂದಿಷ್ಟೂ ಕೆಸರಿಲ್ಲ. ಇದು ಮುಗ್ಧತೆಯಲ್ಲ, ಶ್ರೀಮಂತರ ಗೋಡೆಗೆ ಮಾಡಿಕೊಟ್ಟ ಸುಳ್ಳು.’

ನೀವು ಹೇಳುವುದರಲ್ಲಿ ಹುರುಳಿದೆ. 1874ರಲ್ಲಿ ಫ್ರಾನ್ಸ್‌ನ ಸರ್ಕಾರ ಕಾರ್ಖಾನೆ ಕೆಲಸಕ್ಕೆ ಸಾಮಾನ್ಯವಾಗಿ 12 ವರ್ಷ ತುಂಬಿರಬೇಕು ಎಂದು ಕಾನೂನು ತಂದಿತು. ಅಂದರೆ ಅದಕ್ಕೂ ಚಿಕ್ಕವರು ದುಡಿಯುತ್ತಿದ್ದರು ಅಂತಾಯಿತಲ್ವಾ? ಆ ಮಕ್ಕಳು ಬೂಗರೋ ಚಿತ್ರಗಳಲ್ಲಿ ಕಾಣುವುದಿಲ್ಲ. ಅಮೆರಿಕದ ಸಿರಿವಂತರು ಅವನ ಚಿತ್ರಗಳಿಗೆ ಮುಗಿಬಿದ್ದದ್ದೂ ನಿಜ.

ಆದರೆ ನೀವು ಕಾಲು ನೋಡಿದಿರಿ, ಮುಖ ನೋಡಲಿಲ್ಲ. ಬಾವಿಯ ಹತ್ತಿರ ಕೂತಿದ್ದಾಳೆ ಹುಡುಗಿ. ಪಕ್ಕದಲ್ಲಿ ಒಡೆದ ಹೂಜಿ. ಬೆರಳುಗಳನ್ನು ಹೆಣೆದುಕೊಂಡು ನೇರ ನಮ್ಮನ್ನೇ ನೋಡುತ್ತಿದ್ದಾಳೆ. ನಗು ಇಲ್ಲ, ಅಳುವೂ ಇಲ್ಲ. ಮನೆಗೆ ಹೋಗಿ ಏನು ಹೇಳಲಿ ಎಂಬ ಚಿಂತೆ ಮಾತ್ರ. ಶ್ರೀಮಂತರನ್ನು ಮೆಚ್ಚಿಸಬೇಕಿದ್ದರೆ ಅವಳ ಕೆನ್ನೆಗೊಂದು ಗುಳಿ ಬರೆದಿದ್ದರೆ ಸಾಕಿತ್ತು.

ಈ ಮನುಷ್ಯನ ಬದುಕನ್ನೂ ಸ್ವಲ್ಪ ನೋಡಿ. ಐದು ಮಕ್ಕಳಲ್ಲಿ ನಾಲ್ವರು ಅವನ ಕಣ್ಣೆದುರೇ ತೀರಿಕೊಂಡರು. 1875ರಲ್ಲಿ ಹದಿಹರೆಯದ ಮಗ ಜಾರ್ಜ್ ಹೋದ. 1877ರಲ್ಲಿ ಹೆಂಡತಿ ನೆಲ್ಲಿ, ಅವಳ ಹಿಂದೆಯೇ ಹಸುಗೂಸು. ಜಾರ್ಜ್ ಹೋದ ಮರುವರ್ಷ ಬರೆದದ್ದು ‘ಪಿಯೆಟಾ’: ಕಪ್ಪುಬಟ್ಟೆಯ ಮೇರಿ, ತೊಡೆಯ ಮೇಲೆ ಸತ್ತ ಮಗ ಯೇಸು. ಇಷ್ಟು ಕಳಕೊಂಡವನು ಮತ್ತೆ ಮತ್ತೆ ಮಕ್ಕಳ ಮುಖ ಬರೆದ. ಒಂದೊಂದು ರೆಪ್ಪೆಯನ್ನೂ ಬಿಡದೆ ಬರೆದ. ಅದನ್ನು ಸುಳ್ಳು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಅದೇ ಕಾಲದ ಚಿತ್ರಕಾರ ದೆಗಾ ಮತ್ತವನ ಗೆಳೆಯರು ಬೂಗರೋ ಚಿತ್ರಗಳ ನುಣುಪನ್ನು ಆಡಿಕೊಂಡರು. 1905ರಲ್ಲಿ ಬೂಗರೋ ಸತ್ತ ಮೇಲೆ ಅವನನ್ನು ಹೊಗಳುವುದೇ ನಾಚಿಕೆಯ ಸಂಗತಿಯಾಯಿತು. ಪ್ಯಾರಿಸ್‌ನ ಪೆಟಿ ಪಲೇ ಕಲಾ ಸಂಗ್ರಹಾಲಯದಲ್ಲಿ ಅವನ ಚಿತ್ರಗಳ ದೊಡ್ಡ ಪ್ರದರ್ಶನವಾಗಲು 1984 ಬರಬೇಕಾಯಿತು.

ಈ ರೋಗ ನಮ್ಮಲ್ಲೂ ಇದೆ. ಕಣ್ಣಿಗೆ ಚೆಂದ ಕಂಡರೆ ಸಾಕು, ಅದರಲ್ಲಿ ಆಳ ಇಲ್ಲ ಅಂತ ತೀರ್ಮಾನ. ಚಿತ್ರ ಕಲಿಯುವ ಹುಡುಗರು ಒಂದು ಕೈಯನ್ನು ಸರಿಯಾಗಿ ಬರೆಯಲು ಬರದಿದ್ದರೂ ‘ಪರಿಕಲ್ಪನೆ’ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಅದನ್ನೇ ಮೆಚ್ಚಿ ಬರೆಯುವ ವಿಮರ್ಶಕರೂ ಸಿಗುತ್ತಾರೆ. ವರ್ಷಗಟ್ಟಲೆ ಕೂತು ಕೈ ಪಳಗಿಸಿದವನಿಗೆ ಸಿಗುವ ಬಿರುದು ‘ಕ್ಯಾಲೆಂಡರ್ ಕಲಾವಿದ’!

ನೀವು ಸೂಕ್ಷ್ಮವಾಗಿ ನೋಡುವವರು, ಪತ್ರದಲ್ಲೇ ಗೊತ್ತಾಗುತ್ತದೆ. ಆ ‘ಪಿಯೆಟಾ’ವನ್ನೂ ಒಮ್ಮೆ ಹುಡುಕಿ ನೋಡಿ. ಆಮೇಲೂ ಅನ್ನಿಸಿದ್ದು ಬದಲಾಗದಿದ್ದರೆ ಖಂಡಿತ ಬರೆಯಿರಿ, ಪ್ರಕಟಿಸುತ್ತೇನೆ.

- ಸಂ.