ಪ್ರತಿಕ್ರಿಯೆ: ‘ಸ್ಯಾಡ್ ಬಟ್ ಟ್ರೂ’ ರೆಕಾರ್ಡಿಂಗ್ ಜೊತೆ ಗಿಟಾರ್ ಕೂಡ್ತಿಲ್ಲ, ತಂತಿ ಝರ್ ಅನ್ನುತ್ತೆ (ಹಾಸನ, ಕಾಲೇಜು ಬ್ಯಾಂಡ್)

ಶ್ರುತಿಯೇ ಬೇರೆ, ಅದಕ್ಕೇ ಕೂಡ್ತಿಲ್ಲ. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ 1991ರ ಆಲ್ಬಮ್‌ನಲ್ಲಿ ‘ಎಂಟರ್ ಸ್ಯಾಂಡ್‌ಮನ್’ ಮಾಮೂಲಿ ಇ ಶ್ರುತಿಯಲ್ಲಿದೆ, ಆದರೆ ಈ ಹಾಡು ಪೂರ್ತಿ ಒಂದು ಸ್ವರ ಕೆಳಗೆ: ದಪ್ಪ ತಂತಿಯಿಂದ ಡಿ, ಜಿ, ಸಿ, ಎಫ್, ಎ, ಡಿ. ಅಷ್ಟು ಇಳಿಸಿದರೆ ಬಿಗಿ ಸುಮಾರು 20% ಕಡಿಮೆಯಾಗುತ್ತೆ. ನಿಮ್ಮ 9–42 ತಂತಿ ಸೆಟ್ (ತೆಳು ತಂತಿ 0.009, ದಪ್ಪ ತಂತಿ 0.042 ಇಂಚು) ಸಡಿಲಾಗಿ ಫ್ರೆಟ್‌ಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ) ಬಡಿಯೋದು ಅದಕ್ಕೇ.

ಮೊದಲು ಇನ್ನೂ ದಪ್ಪನೆಯ 10–52 ಸೆಟ್ ಹಾಕಿ, ಡಿ ಶ್ರುತಿಗೆ ತನ್ನಿ, ಒಂದು ರಾತ್ರಿ ಬಿಡಿ. ಆಮೇಲೆ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕತ್ತು ದೇಹಕ್ಕೆ ಸೇರುವ ಫ್ರೆಟ್‌ನಲ್ಲೂ ಒತ್ತಿ ಹಿಡಿದು ಏಳನೇ ಫ್ರೆಟ್ ಮೇಲೆ ನೋಡಿ. ವಿಸಿಟಿಂಗ್ ಕಾರ್ಡ್ ಸಲೀಸಾಗಿ ನುಸುಳುವಷ್ಟು, ಅಂದರೆ 0.25 ಮಿ.ಮೀ. ಸಂದು ಇರಬೇಕು. ಸಂದೇ ಇಲ್ಲದಿದ್ದರೆ ಟ್ರಸ್ ರಾಡನ್ನು (ಕತ್ತಿನ ಬಾಗು ಸರಿಮಾಡುವ ಒಳಗಿನ ಲೋಹದ ಸರಳು) ಎಡಕ್ಕೆ ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ ಅಳೆಯಿರಿ. ಒಂದೇ ಸಲಕ್ಕೆ ಅರ್ಧ ಸುತ್ತು ಖಂಡಿತ ಬೇಡ. ಮಲೆನಾಡಿನ ಕಡೆಯ ಮಳೆಗಾಲದ ತೇವಕ್ಕೆ ಕತ್ತು ಮತ್ತೆ ಅಲುಗಾಡುತ್ತೆ, ಕಾರ್ಯಕ್ರಮದ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ನಟ್‌ನಲ್ಲಿ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ದಪ್ಪ ತಂತಿ ‘ಟಿಕ್’ ಅಂತ ಸಿಕ್ಕಿಕೊಂಡರೆ ಅದು ಕೂರುವ ಸೀಳಿಗೆ ಪೆನ್ಸಿಲ್ ಪುಡಿ ಸಾಕು. ಬ್ರಿಡ್ಜ್ (ದೇಹದ ಮೇಲೆ ತಂತಿಗಳನ್ನು ಹಿಡಿದಿಡುವ ಭಾಗ) ಯಾವುದು ಅಂತ ನೀವು ಬರೆದಿಲ್ಲ. ತೇಲುವ ಟ್ರೆಮೊಲೊ (ಸ್ಪ್ರಿಂಗ್ ಬಲದಲ್ಲಿ ಅಲುಗಾಡುವ ಬ್ರಿಡ್ಜ್) ಆದರೆ ಹಿಂದಿನ ಸ್ಪ್ರಿಂಗ್‌ಗಳನ್ನೂ ಸರಿಮಾಡಬೇಕು.

ಬೇಸ್ ಕೂಡ ಡಿ, ಜಿ, ಸಿ, ಎಫ್‌ಗೆ ಇಳಿಯಲೇಬೇಕು. ನಿರ್ಮಾಪಕ ಬಾಬ್ ರಾಕ್ ಜೊತೆ ಮಾಡಿದ ಈ ಆಲ್ಬಮ್‌ನ ತೂಕ ಇರೋದೇ ಬೇಸ್‌ನಲ್ಲಿ, ಇದೇ ಬ್ಯಾಂಡಿನ 1988ರ ಆಲ್ಬಮ್‌ನಲ್ಲಿ ಬೇಸ್ ಕೇಳೋದೇ ಕಷ್ಟ. ಆಂಪ್‌ನಲ್ಲಿ ಗೇನ್ (ದನಿಯ ಒರಟುತನ ಹೆಚ್ಚಿಸುವ ಗುಂಡಿ) ಸ್ವಲ್ಪ ಇಳಿಸಿ, ಮಿಡ್ (ಮಧ್ಯಮ ಸ್ಥಾಯಿಯ ದನಿ) ಸೊನ್ನೆಗೆ ಒಯ್ಯಬೇಡಿ.