ಶೇರ್ ಬಟನ್‌ಗೆ ಯಾವ ಪ್ಲಗಿನ್ ಎಂದು ಕೇಳಿದ ತಮ್ಮನಿಗೆ: ಮೊದಲು ಪ್ರಿವ್ಯೂ ಸರಿಮಾಡು

ತಮ್ಮಾ, ಯಲ್ಲಾಪುರ ಕಡೆಯ ನಿಮ್ಮ ಮನೆಯ ಉಪ್ಪಿನಕಾಯಿ ಮತ್ತು ಹೋಂಸ್ಟೇ ಸೈಟಿನ ಸ್ಕ್ರೀನ್‌ಶಾಟ್ ನೋಡಿದೆ. ಎಡಗಡೆ ಒಂಬತ್ತು ಐಕಾನಿನ ತೇಲುವ ಪಟ್ಟಿ, ಬಲಗಡೆ ಫೇಸ್‌ಬುಕ್ ಪೇಜಿನ ಡಬ್ಬ, ಕೆಳಗೆ ಇನ್‌ಸ್ಟಾಗ್ರಾಮ್ ಫೋಟೋ ಸಾಲು, ಅದರಡಿ ಎಕ್ಸ್ ಟೈಮ್‌ಲೈನ್. ನೀನು ಕೇಳಿದ್ದು ಎರಡು: ಇನ್ನೂ ಹೆಚ್ಚು ಐಕಾನ್ ಕೊಡುವ ಪ್ಲಗಿನ್ (ಸೈಟಿಗೆ ಸೇರಿಸುವ ಸಿದ್ಧ ತುಣುಕು) ಯಾವುದು, ವಾಟ್ಸಾಪಿನಲ್ಲಿ ಲಿಂಕ್ ಹಾಕಿದರೆ ಫೋಟೋ ಯಾಕೆ ಬರುವುದಿಲ್ಲ. ಈ ಗುಂಪಿನಲ್ಲಿ ಎಲ್ಲರೂ ಮೊದಲನೆಯದಕ್ಕೇ ಉತ್ತರ ಕೊಡುತ್ತಿದ್ದಾರೆ. ನಿನ್ನ ವ್ಯಾಪಾರ ನಿಂತಿರುವುದು ಎರಡನೆಯದರ ಮೇಲೆ. ಇದೇ ತಪ್ಪು ನಾನೂ ಮಾಡಿದ್ದೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಗದರಿದ ಹಾಗೆ ಕಂಡರೆ ಬೇಜಾರು ಮಾಡಿಕೊಳ್ಳಬೇಡ.

ಮೊದಲು ತೆಗೆಯಬೇಕಾದದ್ದು. ಆ ಎಡಗಡೆಯ ಪಟ್ಟಿ ಆಡ್‌ದಿಸ್ ಎಂಬ ಶೇರ್ ಬಟನ್ ಸೇವೆಯ ಕೋಡ್. ಅದರ ಮಾಲೀಕ ಕಂಪನಿ ಒರಾಕಲ್ ಅದನ್ನು 2023 ಮೇ 31ಕ್ಕೇ ಮುಚ್ಚಿಯಾಯಿತು. ಹಳೆಯ ಟ್ಯುಟೋರಿಯಲ್ ನೋಡಿ ಅಂಟಿಸಿದ್ದೀಯ. ಸತ್ತ ಸರ್ವರಿನ ಸ್ಕ್ರಿಪ್ಟ್ ಇಟ್ಟುಕೊಂಡರೆ ಬ್ರೌಸರ್ ಪ್ರತಿ ಪುಟದಲ್ಲೂ ಅದಕ್ಕಾಗಿ ಬಾಗಿಲು ತಟ್ಟುತ್ತದೆ. ಪುಟದ ಕೋಡ್‌ನ ಮೇಲ್ಭಾಗದಲ್ಲಿ (ಹೆಡ್) ಅಸಿಂಕ್, ಅಂದರೆ ‘ಇದಕ್ಕಾಗಿ ಕಾಯಬೇಡ’ ಎಂಬ ಸೂಚನೆ, ಇಲ್ಲದೆ ಹಾಕಿದ್ದರೆ ಉತ್ತರ ಬರುವವರೆಗೆ ಪುಟವೇ ಬಿಳಿ. ಗೂಗಲ್ ಪ್ಲಸ್ ಐಕಾನನ್ನೂ ಕಂಡೆ. ಅದು 2019ರ ಏಪ್ರಿಲ್‌ನಲ್ಲೇ ನಿಂತಿತು. ಫೇಸ್‌ಬುಕ್ ಲೈಕ್ ಬಟನ್ ಮತ್ತು ಕಾಮೆಂಟ್ ಡಬ್ಬವನ್ನು ಹೊರಗಿನ ಸೈಟುಗಳಲ್ಲಿ 2026 ಫೆಬ್ರವರಿ 10ರಿಂದ ನಿಲ್ಲಿಸುವುದಾಗಿ ಮೆಟಾ ಹೇಳಿಯಾಗಿದೆ, ಅವನ್ನೂ ಈಗಲೇ ಕಿತ್ತುಹಾಕು. ಎಕ್ಸ್ ಟೈಮ್‌ಲೈನ್ ಲಾಗಿನ್ ಇಲ್ಲದವರಿಗೆ ಖಾಲಿ ಕಾಣುವುದೇ ಹೆಚ್ಚು. ಬೇರೆಯವರ ವಿಜೆಟ್ (ಪುಟದಲ್ಲಿ ಕೂರಿಸುವ ಡಬ್ಬ) ಎಂದರೆ ಬೇರೆಯವರ ಬೇಲಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಅವರು ಬೇಲಿ ಕಡಿದ ದಿನ ಬಳ್ಳಿಯೂ ಹೋಯಿತು.

ಇನ್‌ಸ್ಟಾಗ್ರಾಮ್ ಸಾಲಿನ ಕತೆಯೂ ಅಷ್ಟೇ. ಫೋಟೋಗಳನ್ನು ಹೊರಗಿನ ಸೈಟಿಗೆ ಕೊಡುತ್ತಿದ್ದ ಹಳೆಯ ಬೇಸಿಕ್ ಡಿಸ್‌ಪ್ಲೇ ಎಪಿಐ 2024 ಡಿಸೆಂಬರ್ 4ಕ್ಕೆ ಮುಗಿಯಿತು. ಈಗ ಬಿಸಿನೆಸ್ ಇಲ್ಲವೇ ಕ್ರಿಯೇಟರ್ ಖಾತೆ ಬೇಕು, ಟೋಕನ್ನಿನ (ಪ್ರವೇಶ ಕೀಲಿಯ) ಆಯಸ್ಸು 60 ದಿನ, ಪ್ಲಗಿನ್ ಅದನ್ನು ನವೀಕರಿಸದಿದ್ದರೆ ಸಾಲು ಒಡೆದು ಕೆಂಪು ಎರರ್ ತೋರಿಸುತ್ತದೆ. ಆರು ಒಳ್ಳೆಯ ಫೋಟೋ ಆರಿಸು, ಒಂದೊಂದು 60ರಿಂದ 80 ಕೆಬಿಗೆ ಇಳಿಸು, ನಿನ್ನ ಸೈಟಿನಲ್ಲೇ ಇಟ್ಟು ಕೆಳಗೆ ಪ್ರೊಫೈಲ್ ಲಿಂಕ್ ಕೊಡು. ನೋಡುವವನಿಗೆ ಏನೂ ವ್ಯತ್ಯಾಸವಿಲ್ಲ.

ಫೇಸ್‌ಬುಕ್ ಪೇಜ್ ಡಬ್ಬದ ಬಗ್ಗೆ ನನಗೆ ಸಿಟ್ಟೇ ಇದೆ. ಒಂದು ಡಬ್ಬಕ್ಕಾಗಿ ನೂರಾರು ಕೆಬಿ ಸ್ಕ್ರಿಪ್ಟ್ ಇಳಿಯುತ್ತದೆ. ದೇವಿಮನೆ ಘಟ್ಟದಲ್ಲಿ ಬಸ್ಸಿನಲ್ಲಿ ಕೂತು ನಿನ್ನ ಹೋಂಸ್ಟೇ ಫೋನ್ ನಂಬರ್ ಹುಡುಕುವವನಿಗೆ ಬೇಕಾದದ್ದು ಹತ್ತು ಅಂಕಿ, ನಿನ್ನ ಲೈಕ್ ಸಂಖ್ಯೆಯಲ್ಲ. ಮೇಲಾಗಿ ಒತ್ತದಿದ್ದರೂ, ಪುಟ ತೆರೆದೊಡನೆ ಬಂದವನ ಐಪಿ ವಿಳಾಸ ಮತ್ತು ಅವನು ನೋಡುತ್ತಿರುವ ಪುಟ ಯಾವುದು ಎಂಬುದು ಫೇಸ್‌ಬುಕ್ಕಿಗೆ ಹೋಗುತ್ತದೆ. ಯುರೋಪಿನ ನ್ಯಾಯಾಲಯ 2019 ಜುಲೈ 29ರಂದು ಫ್ಯಾಷನ್ ಐಡಿ ಪ್ರಕರಣದಲ್ಲಿ, ಲೈಕ್ ಬಟನ್ ಅಂಟಿಸಿಕೊಂಡ ಸೈಟಿನವನೂ ಆ ಮಾಹಿತಿ ಸಂಗ್ರಹಿಸಿ ಕಳಿಸುವುದಕ್ಕೆ ಜಂಟಿ ಹೊಣೆಗಾರ ಎಂದಿತು. ಗೋಕರ್ಣದಿಂದ ಮೇಲೆ ಬರುವ ವಿದೇಶದವರೂ ನಿನ್ನಲ್ಲಿ ಬುಕಿಂಗ್ ಮಾಡುತ್ತಾರೆ ಎಂದೆಯಲ್ಲ, ಇದು ತಲೆಯಲ್ಲಿರಲಿ. ನಮ್ಮಲ್ಲೂ 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಇದೆ. ಕೆಲವು ಬ್ರೌಸರ್‌ಗಳು ಇಂಥ ಟ್ರ್ಯಾಕರ್‌ಗಳನ್ನು (ಹಿಂಬಾಲಿಸುವ ಕೋಡ್) ತಡೆಯುತ್ತವೆ. ಅಲ್ಲಿ ನಿನ್ನ ಡಬ್ಬದ ಜಾಗದಲ್ಲಿ ಬರೀ ಖಾಲಿ ಚೌಕ ಕಾಣಬಹುದು.

ಹಾಗಾದರೆ ಬಟನ್ ಬೇಡವೇ ಬೇಡವಾ? ಒಂದು ಬೇಕು. ಒಂಬತ್ತು ಬೇಡ. ಬ್ರಿಟನ್ ಸರ್ಕಾರದ ಗೌ ಡಾಟ್ ಯುಕೆ ಸೈಟಿನವರು ಶೇರ್ ಬಟನ್ ಹಾಕಿದ ಮೊದಲ ಹತ್ತು ವಾರದ ಲೆಕ್ಕವನ್ನು 2014ರಲ್ಲಿ ಹೊರಗೆ ಹಾಕಿದರು: ಪುಟ ವೀಕ್ಷಣೆಯ ಶೇಕಡಾ 0.21ರಷ್ಟು ಸಲ ಮಾತ್ರ ಯಾರೋ ಒತ್ತಿದ್ದು, ಅಂದರೆ ಸುಮಾರು ಐನೂರಕ್ಕೆ ಒಂದು. ಅದು ಬೇರೆ ದೇಶ, ಬೇರೆ ಬಗೆಯ ಸೈಟು, ನಿಜ. ಆದರೆ ನಮ್ಮ ಊರಿನವರೂ ಬಟನ್ ಒತ್ತಿ ಹಂಚುವುದಕ್ಕಿಂತ ಮೇಲಿನ ವಿಳಾಸ ಒತ್ತಿಹಿಡಿದು, ಕಾಪಿ ಮಾಡಿ, ಮನೆಯ ಗುಂಪಿಗೋ ಸಂಘದ ಗುಂಪಿಗೋ ಹಾಕುವುದೇ ಹೆಚ್ಚು. ಹಾಗೆ ಹಾಕಿದಾಗ ನಿನ್ನ ಬಟನ್ ಯಾರಿಗೂ ಕಾಣುವುದಿಲ್ಲ. ಕಾಣುವುದು ಪ್ರಿವ್ಯೂ ಕಾರ್ಡ್, ಅಂದರೆ ಲಿಂಕಿನ ಜೊತೆ ಮೂಡುವ ಫೋಟೋ, ಶೀರ್ಷಿಕೆ, ವಿವರಣೆ. ನಿನ್ನ ಅಪ್ಪೆಮಿಡಿ ಉಪ್ಪಿನಕಾಯಿ ಪುಟದ ಲಿಂಕ್ ಹಾಕಿದರೆ ಬರುತ್ತಿರುವುದು ಬೂದು ಚೌಕ ಮತ್ತು ‘ಹೋಮ್’ ಎಂಬ ಒಂದು ಪದ. ಅದನ್ನು ಯಾರು ಒತ್ತುತ್ತಾರೆ?

ಕಾರ್ಡಿನಲ್ಲಿ ಏನು ಕಾಣಬೇಕು ಎಂದು ಪುಟದ ಕೋಡ್‌ನಲ್ಲಿ ಹೇಳುವ ನಾಲ್ಕು ಓಪನ್ ಗ್ರಾಫ್ (ಓಜಿ) ಟ್ಯಾಗ್ ಸಾಕು: ಓಜಿ ಟೈಟಲ್, ಓಜಿ ಡಿಸ್ಕ್ರಿಪ್ಶನ್, ಓಜಿ ಇಮೇಜ್, ಓಜಿ ಯುಆರ್‌ಎಲ್. ಪ್ರತಿ ಪುಟಕ್ಕೂ ಬೇರೆ ಬೇರೆ, ಇಡೀ ಸೈಟಿಗೆ ಒಂದೇ ಲೋಗೋ ಅಲ್ಲ. ಚಿತ್ರ 1200×630 ಪಿಕ್ಸೆಲ್, ಜೆಪಿಜಿ, 200 ಕೆಬಿ ಒಳಗೆ. ನಿನ್ನ ಫೋಟೋ ಕ್ಯಾಮೆರಾದಿಂದ ಬಂದ ಹಾಗೇ 4 ಎಂಬಿ ಇದೆ, ವಾಟ್ಸಾಪ್ ಅದನ್ನು ಬಿಟ್ಟುಬಿಡುವುದಕ್ಕೆ ಅದೊಂದೇ ಸಾಕು. ಎಸ್‌ವಿಜಿ ಬಗೆಯ ಚಿತ್ರ ಬೇಡ, ವೆಬ್‌ಪಿ ಇಟ್ಟು ಅದೃಷ್ಟ ನೋಡುವುದೂ ಬೇಡ. 600×315ಕ್ಕಿಂತ ಚಿಕ್ಕದಿದ್ದರೆ ಫೇಸ್‌ಬುಕ್ ದೊಡ್ಡ ಕಾರ್ಡ್ ಕೊಡದೆ ಮೂಲೆಯಲ್ಲಿ ಸಣ್ಣ ಚೌಕ ತೋರಿಸುತ್ತದೆ. ಬಾಟ್ಲಿ ನಡುಮಧ್ಯ ಇರಲಿ, ಕೆಲವು ಕಡೆ ಎರಡೂ ಬದಿ ಕತ್ತರಿಸಿ ಚೌಕ ಮಾಡುತ್ತಾರೆ. ಚಿತ್ರದ ಮೇಲೆ ಅಕ್ಷರ ಹಾಕುವುದಿದ್ದರೆ ಮೂರು ನಾಲ್ಕು ಪದ, ದಪ್ಪಕ್ಕೆ. ಚಿತ್ರದ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗಿ ಪೂರ್ತಿ ಇರಬೇಕು, ಬರೀ ಸ್ಲ್ಯಾಶ್‌ನಿಂದ ಶುರುವಾದ ಅರ್ಧ ವಿಳಾಸವನ್ನು ನಂಬಬೇಡ. ಶೀರ್ಷಿಕೆಯಲ್ಲಿ ‘ಸ್ವಾಗತ’ ಅಂತ ಬರೆಯಬೇಡ; ‘ಅಪ್ಪೆಮಿಡಿ ಉಪ್ಪಿನಕಾಯಿ, ಅರ್ಧ ಕಿಲೋ ಬಾಟ್ಲಿ’ ಎಂದು ವಸ್ತು ಹೇಳು. ವಿವರಣೆಯಲ್ಲಿ ಎಣ್ಣೆ ಹಾಕಿದ್ದೋ ಹಾಕದ್ದೋ, ಎಷ್ಟು ದಿನದಲ್ಲಿ ಕಳಿಸುತ್ತೀರಿ, ಅಷ್ಟು ಸಾಕು. ಬೆಲೆ ಅಲ್ಲಿ ಹಾಕಬೇಡ. ಕಾರ್ಡ್ ಕಳಿಸಿದವರ ಚಾಟಿನಲ್ಲಿ ಹಾಗೇ ಉಳಿಯುತ್ತದೆ, ಮುಂದಿನ ವರ್ಷ ಹಳೆಯ ಬೆಲೆ ಹಿಡಿದು ಜಗಳಕ್ಕೆ ಬರುತ್ತಾರೆ.

ಟ್ಯಾಗ್ ಇದೆಯೋ ಇಲ್ಲವೋ ನೋಡಲು ಬ್ರೌಸರಿನ ಇನ್‌ಸ್ಪೆಕ್ಟ್ ತೆರೆಯಬೇಡ. ಅದು ಜಾವಾಸ್ಕ್ರಿಪ್ಟ್ ಓಡಿದ ಮೇಲಿನ ರೂಪ ತೋರಿಸುತ್ತದೆ. ಕಂಪ್ಯೂಟರಿನಲ್ಲಿ ಕಂಟ್ರೋಲ್ ಯು ಒತ್ತಿ ಮೂಲ ಸೋರ್ಸ್‌ನಲ್ಲಿ ಹುಡುಕು. ವಾಟ್ಸಾಪ್ ಸ್ಕ್ರಿಪ್ಟ್ ಓಡಿಸುವುದಿಲ್ಲ, ಸರ್ವರ್ ಕೊಟ್ಟ ಎಚ್‌ಟಿಎಂಎಲ್‌ನಲ್ಲಿ ಇದ್ದದ್ದಷ್ಟೇ ಓದುತ್ತದೆ. ಪುಟವನ್ನು ಜಾವಾಸ್ಕ್ರಿಪ್ಟ್‌ನಿಂದ ಕಟ್ಟುವ ರಿಯಾಕ್ಟ್‌ನಲ್ಲಿ ಸೈಟ್ ಮಾಡಿಸಿಕೊಂಡವರು ಎಡವುವುದು ಇಲ್ಲೇ. ನಿನ್ನದು ವರ್ಡ್‌ಪ್ರೆಸ್, ಸುಲಭ: ಯೋಸ್ಟ್ ಅಥವಾ ರ‍್ಯಾಂಕ್ ಮ್ಯಾತ್, ಈ ಟ್ಯಾಗ್ ಹಾಕಿಕೊಡುವ ಎರಡು ಪ್ಲಗಿನ್‌ಗಳಲ್ಲಿ ಒಂದು. ಎರಡೂ ಹಾಕಿದರೆ ಎರಡೆರಡು ಓಜಿ ಇಮೇಜ್ ಬಂದು ಯಾವುದು ಕಾಣುತ್ತದೆ ಎಂಬುದು ನಿನ್ನ ಕೈಯಲ್ಲಿರುವುದಿಲ್ಲ. ಜೆಟ್‌ಪ್ಯಾಕ್ ಪ್ಲಗಿನ್ ಕೂಡ ಓಜಿ ಹಾಕುತ್ತದೆ, ನೆನಪಿರಲಿ.

ಎಲ್ಲ ಸರಿಯಿದ್ದೂ ಕಾರ್ಡ್ ಬರದಿದ್ದರೆ ಸೆಕ್ಯುರಿಟಿ ಪ್ಲಗಿನ್ ಅಥವಾ ಸೈಟಿಗೆ ಕಾವಲು ನಿಲ್ಲುವ ಕ್ಲೌಡ್‌ಫ್ಲೇರ್ ಸೇವೆಯ ಬಾಟ್ (ಯಂತ್ರ ಓದುಗ) ತಡೆ ನೋಡು. ವಾಟ್ಸಾಪ್ ಮತ್ತು ಫೇಸ್‌ಬುಕ್ಕಿನ ಓದುಗ ಪ್ರೋಗ್ರಾಮುಗಳನ್ನೂ ಅವು ಕೆಲವೊಮ್ಮೆ ಕಳ್ಳರ ಜೊತೆ ಹೊರಗೆ ನಿಲ್ಲಿಸುತ್ತವೆ. ಸೈಟಿನ ಎಸ್‌ಎಸ್‌ಎಲ್ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿದ್ದರೂ ಹಾಗೇ. ಮತ್ತೆ, ತಿದ್ದಿದ ಕೂಡಲೇ ಅದೇ ಲಿಂಕ್ ಹಾಕಿ ‘ಇನ್ನೂ ಬರಲಿಲ್ಲ’ ಅನ್ನಬೇಡ, ಹಳೆಯದು ಕ್ಯಾಶ್‌ನಲ್ಲಿ (ಉಳಿಸಿಟ್ಟ ಪ್ರತಿಯಲ್ಲಿ) ಇರುತ್ತದೆ. ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ, ವಿ, ಈಕ್ವಲ್, 2 ಸೇರಿಸಿ ನಿನಗೆ ನೀನೇ ಕಳಿಸಿ ಪರೀಕ್ಷಿಸು. ಫೇಸ್‌ಬುಕ್‌ಗೆ ಶೇರಿಂಗ್ ಡಿಬಗ್ಗರ್‌ನಲ್ಲಿ ‘ಸ್ಕ್ರೇಪ್ ಅಗೇನ್’, ಟೆಲಿಗ್ರಾಮ್‌ಗೆ ಅವರದೇ ವೆಬ್‌ಪೇಜ್ ಬಾಟ್. ಟೈಪ್ ಮಾಡಿ ಕಾರ್ಡ್ ಮೂಡುವ ಮೊದಲೇ ಕಳಿಸು ಗುಂಡಿ ಒತ್ತಿದರೂ ಕಾರ್ಡ್ ಹೋಗುವುದಿಲ್ಲ. ನೆಟ್ ನಿಧಾನ ಇರುವಲ್ಲಿ ಎರಡು ಮೂರು ಸೆಕೆಂಡ್ ಕಾಯಬೇಕು.

ಇನ್ನೊಂದು, ಕನ್ನಡದಲ್ಲಿ ಸೈಟ್ ಮಾಡುವವರು ಮಾತ್ರ ಬೀಳುವ ಗುಂಡಿ. ಪುಟದ ವಿಳಾಸ ಕನ್ನಡ ಅಕ್ಷರದಲ್ಲಿ ಬಿಡಬೇಡ. ಯೂನಿಕೋಡ್‌ನ ಒಂದೊಂದು ಕನ್ನಡ ಚಿಹ್ನೆ ಮೂರು ಬೈಟ್, ಲಿಂಕಿನಲ್ಲಿ ಶೇಕಡಾ ಚಿಹ್ನೆ ಸೇರಿ ಒಂಬತ್ತು ಅಕ್ಷರವಾಗುತ್ತದೆ. ‘ಅಪ್ಪೆಮಿಡಿ’ಯಲ್ಲಿ ಒತ್ತು, ಗುಣಿತ ಎಲ್ಲ ಎಣಿಸಿದರೆ ಒಂಬತ್ತು ಚಿಹ್ನೆ, ಅಂದರೆ 81 ಅಕ್ಷರ. ‘ಉಪ್ಪಿನಕಾಯಿ’ 90. ನಡುವಿನ ಗೆರೆ ಸೇರಿ 172. ವರ್ಡ್‌ಪ್ರೆಸ್‌ನಲ್ಲಿ ಸ್ಲಗ್‌ನ, ಅಂದರೆ ವಿಳಾಸದ ಕೊನೆಯಲ್ಲಿ ಬರುವ ಪುಟದ ಹೆಸರಿನ, ಮಿತಿ 200 ಅಕ್ಷರ. ‘ಅರ್ಧ’ ಸೇರಿಸುವಷ್ಟರಲ್ಲಿ ಆ ಪದ ನಡುವೆಯೇ ತುಂಡಾಗುತ್ತದೆ. ಲಿಂಕ್ ಕೆಲಸ ಮಾಡುತ್ತದೆ, ಆದರೆ ವಾಟ್ಸಾಪಿನಲ್ಲಿ ಐದು ಸಾಲು ಶೇಕಡಾ ಚಿಹ್ನೆ ಸುರಿದಂತೆ ಕಂಡು ಜನ ಅದನ್ನು ವೈರಸ್ ಲಿಂಕ್ ಎಂದುಕೊಳ್ಳುತ್ತಾರೆ. ಶೀರ್ಷಿಕೆ ಅಚ್ಚ ಕನ್ನಡದಲ್ಲಿರಲಿ, ಸ್ಲಗ್ ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿ ಬರೆ. ಹಳೆಯ ವಿಳಾಸದಿಂದ ಹೊಸದಕ್ಕೆ ತಾನಾಗಿ ಕಳಿಸುವ 301 ರೀಡೈರೆಕ್ಟ್ ಹಾಕುವುದನ್ನು ಮರೆಯಬೇಡ.

ಈಗ ಆ ಒಂದು ಬಟನ್. ಪ್ಲಗಿನ್ ಬೇಡ, ಸಾದಾ ಲಿಂಕ್ ಸಾಕು: ಡಬ್ಲ್ಯುಎ ಡಾಟ್ ಎಂಇ, ಸ್ಲ್ಯಾಶ್, ಪ್ರಶ್ನೆ ಚಿಹ್ನೆ, ಟೆಕ್ಸ್ಟ್, ಈಕ್ವಲ್, ಆಮೇಲೆ ಒಂದು ಸಾಲು ಮತ್ತು ಪುಟದ ವಿಳಾಸ. ಸಾಲನ್ನೂ ವಿಳಾಸವನ್ನೂ ಎನ್‌ಕೋಡ್ ಮಾಡಲೇಬೇಕು (ವಿಶೇಷ ಚಿಹ್ನೆಗಳನ್ನು ಶೇಕಡಾ ಸಂಕೇತಕ್ಕೆ ಬದಲಿಸಬೇಕು), ಇಲ್ಲದಿದ್ದರೆ ಮಧ್ಯೆ ‘ಆ್ಯಂಡ್’ ಚಿಹ್ನೆ ಬಂದಲ್ಲಿಗೆ ಸಂದೇಶ ಕತ್ತರಿಸಿಹೋಗುತ್ತದೆ. ಇದಕ್ಕೆ ಸ್ಕ್ರಿಪ್ಟ್ ಸೊನ್ನೆ, ಕುಕಿ ಸೊನ್ನೆ. ಸ್ಲ್ಯಾಶ್ ನಂತರ ನಿನ್ನ ನಂಬರ್ ಹಾಕಿದರೆ ಅದು ಹಂಚುವ ಬಟನ್ ಅಲ್ಲ, ನಿನಗೇ ಸಂದೇಶ ಬರುವ ಆರ್ಡರ್ ಬಟನ್. ನಂಬರಿನ ಮೊದಲು 91 ಬರಲಿ, ಪ್ಲಸ್ ಬೇಡ, ಸೊನ್ನೆ ಬೇಡ. ಎರಡೂ ಹಸಿರು ಐಕಾನ್ ಆಗಿ ಪಕ್ಕಪಕ್ಕ ಇಟ್ಟಿದ್ದೀಯ, ಗಿರಾಕಿ ಗಲಿಬಿಲಿಯಾಗುತ್ತಾನೆ. ಒಂದಕ್ಕೆ ‘ವಾಟ್ಸಾಪಿನಲ್ಲಿ ಆರ್ಡರ್ ಮಾಡಿ’, ಇನ್ನೊಂದಕ್ಕೆ ‘ಯಾರಿಗಾದರೂ ಕಳಿಸಿ’ ಎಂದು ಕನ್ನಡದಲ್ಲಿ ಬರೆ. ಒತ್ತುವ ಜಾಗ 48 ಪಿಕ್ಸೆಲ್‌ಗಿಂತ ಸಣ್ಣದಾಗಬಾರದು, ವಯಸ್ಸಾದವರ ಹೆಬ್ಬೆರಳಿಗೆ ಸಿಗಬೇಕು.

ಇನ್ನೂ ಚೆನ್ನಾಗಿ ಬೇಕಿದ್ದರೆ ಬ್ರೌಸರಿನದೇ ವೆಬ್ ಶೇರ್ ಸೌಲಭ್ಯ, ಕೋಡ್‌ನಲ್ಲಿ ನ್ಯಾವಿಗೇಟರ್ ಡಾಟ್ ಶೇರ್. ಫೋನಿನದೇ ಶೇರ್ ಹಾಳೆ ತೆರೆಯುತ್ತದೆ, ಅವರವರ ಆ್ಯಪ್ ಅವರವರು ಆರಿಸಿಕೊಳ್ಳುತ್ತಾರೆ. ಎಚ್‌ಟಿಟಿಪಿಎಸ್ ಬೇಕು, ಒತ್ತಿದ ಕ್ಷಣದಲ್ಲೇ ಕರೆಯಬೇಕು. ಮೊದಲು ಸರ್ವರಿನಿಂದ ಏನೋ ತರಿಸಿ ಆಮೇಲೆ ಕರೆದರೆ ಬ್ರೌಸರ್ ಒಪ್ಪದೇ ಇರಬಹುದು. ಲಿಂಕನ್ನು ಯುಆರ್‌ಎಲ್ ಜಾಗದಲ್ಲಿ ಮಾತ್ರ ಕೊಡು, ಟೆಕ್ಸ್ಟ್‌ನಲ್ಲೂ ಹಾಕಿದರೆ ಎರಡು ಸಲ ಬರುತ್ತದೆ. ಈಗಿನ ವಿಳಾಸ ಎತ್ತಿ ಕೊಡಬೇಡ, ಕ್ಯಾನೋನಿಕಲ್ (ಪುಟದ ಮೂಲ) ವಿಳಾಸ ಕೊಡು, ಇಲ್ಲದಿದ್ದರೆ ಫೇಸ್‌ಬುಕ್ ಅಂಟಿಸಿದ ಉದ್ದ ಬಾಲವೂ ಹೋಗುತ್ತದೆ. ಹಾಳೆ ತೆರೆದವನು ಕಳಿಸದೆ ಮುಚ್ಚಿದರೆ ಅಬಾರ್ಟ್ ಎರರ್ ಬರುತ್ತದೆ, ಅದಕ್ಕೆ ‘ವಿಫಲವಾಗಿದೆ’ ಎಂದು ತೋರಿಸಬೇಡ. ಆಂಡ್ರಾಯ್ಡ್‌ನಲ್ಲಿ ಫೇಸ್‌ಬುಕ್ ಆ್ಯಪ್ ಒಳಗಿನಿಂದ ತೆರೆದರೆ ಇದು ಕೆಲಸ ಮಾಡದಿರಬಹುದು. ಅದಕ್ಕೇ ಸಾದಾ ವಾಟ್ಸಾಪ್ ಲಿಂಕನ್ನು ಮೂಲವಾಗಿಟ್ಟು, ವೆಬ್ ಶೇರ್ ಇದ್ದಲ್ಲಿ ಮಾತ್ರ ಅದನ್ನು ಬದಲಿಸು.

ಜಾಗ: ಫೋಟೋ, ವಿವರ, ಬೆಲೆ ಎಲ್ಲ ಮುಗಿದ ಕೆಳಗೆ. ತೇಲುವ ಪಟ್ಟಿ ಫೋನಿನಲ್ಲಿ ಪ್ರತಿ ಸಾಲಿನ ಮೊದಲ ಎರಡು ಅಕ್ಷರ ಮುಚ್ಚುತ್ತಿದೆ, ಸ್ಕ್ರೀನ್‌ಶಾಟಿನಲ್ಲೇ ಕಾಣುತ್ತದೆ. ಬುಕಿಂಗ್ ಫಾರ್ಮ್, ದುಡ್ಡು ಕೊಡುವ ಪುಟ, ಆರ್ಡರ್ ಖಚಿತವಾದ ಪುಟಗಳಲ್ಲಿ ಶೇರ್ ಬಟನ್ ಎಂದೂ ಬೇಡ. ಆ ವಿಳಾಸಗಳಲ್ಲಿ ಗಿರಾಕಿಯ ಆರ್ಡರ್ ಕೀಲಿ ಇರಬಹುದು. ಸಂಖ್ಯೆ ತೋರಿಸುವ ಬಟನ್ನೂ ಬೇಡ, ‘0’ ಎಂದು ಕಂಡರೆ ಉಪ್ಪಿನಕಾಯಿ ಯಾರೂ ತಿಂದಿಲ್ಲ ಅನ್ನಿಸುತ್ತದೆ. ಇನ್‌ಸ್ಟಾಗ್ರಾಮ್, ಯೂಟ್ಯೂಬ್‌ಗಳಿಗೆ ವೆಬ್ ಪುಟ ಹಂಚುವ ಲಿಂಕೇ ಇಲ್ಲ, ಆ ಐಕಾನ್‌ಗಳು ನಿನ್ನ ಪ್ರೊಫೈಲಿಗೆ ಕರೆದೊಯ್ಯುತ್ತವೆ. ಅವು ಫೂಟರಿನಲ್ಲಿರಲಿ.

ಪ್ಲಗಿನ್ ಇಲ್ಲದೆ ಆಗುವುದೇ ಇಲ್ಲ ಎಂದಾದರೆ ಸ್ಕ್ರಿಪ್ಟ್‌ಲೆಸ್ ಸೋಶಿಯಲ್ ಶೇರಿಂಗ್ ನನಗೆ ಒಪ್ಪಿಗೆ, ಹೆಸರಿನ ಹಾಗೇ ಹಗುರ. ಜೆಟ್‌ಪ್ಯಾಕ್ ಆಗಲೇ ಇದ್ದರೆ ಅದರಲ್ಲಿ ಐಕಾನ್ ಶೈಲಿ ಆರಿಸು, ಅಫಿಷಿಯಲ್ ಬಟನ್ ಶೈಲಿ ಮತ್ತೆ ಹೊರಗಿನ ಸ್ಕ್ರಿಪ್ಟ್ ಎಳೆಯುತ್ತದೆ. ಆಡ್‌ಟುಎನಿ ಇನ್ನೂ ಬದುಕಿದೆ, ಆದರೆ ಅದೂ ತನ್ನ ಸರ್ವರಿನಿಂದಲೇ ಸ್ಕ್ರಿಪ್ಟ್ ತರುವುದು. ಸಣ್ಣ ಸೈಟಿಗೆ ಅದನ್ನು ನಾನು ಹೇಳುವುದಿಲ್ಲ.

ಹೋಂಸ್ಟೇ ಪುಟದ ಯೂಟ್ಯೂಬ್ ವಿಡಿಯೋ, ಗೂಗಲ್ ಮ್ಯಾಪ್ ಕೂಡ ಇದೇ ಜಾತಿ. ವಿಡಿಯೋದ ಜಾಗದಲ್ಲಿ ಒಂದು ಚಿತ್ರ, ಒತ್ತಿದರೆ ವಿಡಿಯೋ. ಮ್ಯಾಪಿನ ಜಾಗದಲ್ಲಿ ನೀನೇ ಬರೆದ ದಾರಿ: ಯಾವ ಕ್ರಾಸ್, ಯಾವ ಶಾಲೆ ದಾಟಿ ಎಡಕ್ಕೆ, ಎಲ್ಲಿಂದ ಮುಂದೆ ನೆಟ್‌ವರ್ಕ್ ಇಲ್ಲ. ಕೆಳಗೆ ಮ್ಯಾಪ್ ಲಿಂಕ್. ಆರ್ಬೈಲ್ ಘಟ್ಟ ಹತ್ತುವವನಿಗೆ ಆ ನಾಲ್ಕು ಸಾಲು ಮ್ಯಾಪಿಗಿಂತ ಹೆಚ್ಚು ಉಪಯೋಗ.

ಲೆಕ್ಕ ನೋಡುವಾಗ ಮೋಸಹೋಗಬೇಡ. ವಾಟ್ಸಾಪಿನಿಂದ ಬಂದವರು ಅನಲಿಟಿಕ್ಸ್‌ನಲ್ಲಿ ಸಾಮಾನ್ಯವಾಗಿ ‘ಡೈರೆಕ್ಟ್’ ಎಂದೇ ಬೀಳುತ್ತಾರೆ. ಹಾಗಾಗಿ ಫೇಸ್‌ಬುಕ್ಕೇ ಹೆಚ್ಚು ಜನ ತರುತ್ತದೆ ಎಂದು ಕಾಣುತ್ತದೆ. ನಿನ್ನ ಬಟನ್ನಿನ ಲಿಂಕಿಗೆ ಎಲ್ಲಿಂದ ಬಂದರೆಂದು ಹೇಳುವ ಗುರುತು (ಯುಟಿಎಂ ಸೋರ್ಸ್ ವಾಟ್ಸಾಪ್) ಸೇರಿಸಿದರೆ ಬಟನ್ ಎಷ್ಟು ದುಡಿಯಿತು ಎಂದಾದರೂ ಗೊತ್ತಾಗುತ್ತದೆ.

ಬಾಟ್ಲಿ ಲೇಬಲ್ ಮುದ್ರಣಕ್ಕೆ ಕೊಡುತ್ತೀಯ ಎಂದೆಯಲ್ಲ, ಅದರ ಮೇಲಿನ ಕ್ಯೂಆರ್ ಇನ್‌ಸ್ಟಾಗ್ರಾಮಿಗಲ್ಲ, ನಿನ್ನ ಪುಟಕ್ಕೆ ಹೋಗಲಿ. ಬೇರೆ ಕಂಪನಿಯ ಸರ್ವರ್ ದಾಟಿ ಹೋಗುವ ಉಚಿತ ‘ಡೈನಾಮಿಕ್’ ಕ್ಯೂಆರ್ ಬೇಡ, ಅವರು ನಿಲ್ಲಿಸಿದರೆ ಅಂಗಡಿಯಲ್ಲಿರುವ ಬಾಟ್ಲಿಗಳೆಲ್ಲ ಮೂಕ. ನೇರ ಲಿಂಕ್, ಕನಿಷ್ಠ 2 ಸೆಂಟಿಮೀಟರ್, ಸುತ್ತ ಕ್ಯೂಆರ್‌ನ ನಾಲ್ಕು ಸಣ್ಣ ಚೌಕದಷ್ಟು ಬಿಳಿ ಅಂಚು. ಎಣ್ಣೆ ಕಲೆ ಹತ್ತುವ ಲೇಬಲ್ ಆದ್ದರಿಂದ ದೋಷ ತಿದ್ದುವ ಮಟ್ಟ ‘ಎಚ್’ (ಅತಿ ಹೆಚ್ಚಿನದು) ಇಡು.

ಆಡ್‌ದಿಸ್ ಕೋಡ್ ಥೀಮಿನ ಹೆಡರ್ ಫೈಲಿನಲ್ಲೂ ವಿಜೆಟ್ಟಿನಲ್ಲೂ ಎರಡು ಕಡೆ ಇರಬಹುದು, ಎರಡೂ ನೋಡು. ತೆಗೆಯುವ ಮೊದಲು ಬ್ಯಾಕಪ್, ತೆಗೆದ ಮೇಲೆ ಕ್ಯಾಶ್ ಪ್ಲಗಿನ್ ಖಾಲಿ. ಆಮೇಲೆ ನೆಟ್ ನಿಧಾನ ಇರುವ ಕಡೆ ಫೋನಿನ ಹೊಸ ಇನ್‌ಕಾಗ್ನಿಟೋದಲ್ಲಿ ಅಪ್ಪೆಮಿಡಿ ಪುಟ ತೆರೆದು ನೋಡು. ಅದೇ ಲಿಂಕನ್ನು ಈ ಗುಂಪಿಗೆ ಹಾಕು, ಕಾರ್ಡ್ ಹೇಗೆ ಬಂತು ನೋಡಿ ಹೇಳುತ್ತೇನೆ.